ಪ್ರೀತಿಯಿಂದ ಕೊಡ್ತೇನಿ ಅನ್ನು

ನಿನ್ನೆ ದಾನದ ಬಗ್ಗೆ ಮಾತನಾಡಿದೆವು. ಪ್ರವಚನ ಮುಗಿದ ಮೇಲೆ ಒಬ್ಬ ತರುಣ ನನ್ನ ಹತ್ತಿರ ಬಂದ. "ಅಜ್ಜಾರ, ಅನ್ನದಾನ ಆತು, ವಿದ್ಯಾದಾನ ಆತು. ಅಂಗದಾನದ ಬಗ್ಗೆ ಒಂದು ಮಾತೂ ಹೇಳಲಿಲ್ಲಲ್ರಿ" ಅಂದ. ಒಳ್ಳೆಯ ಪ್ರಶ್ನೆ. ಸತ್ತ ಮೇಲೆ ಮಣ್ಣು ಸೇರುವ ಕಣ್ಣನ್ನು ಕುರುಡನಿಗೆ ಬರೆದುಕೊಟ್ಟರೆ ಅದು ಪುಣ್ಯ. ಸಾಯುತ್ತಿರುವ ಮಗನಿಗೆ ತಾಯಿ ತನ್ನದೊಂದು ಕಿಡ್ನಿ ಕೊಟ್ಟರೆ ಅದಕ್ಕಿಂತ ದೊಡ್ಡ ದಾನವನ್ನು ನಾನು ಕಂಡಿಲ್ಲ. ಅದರಲ್ಲಿ ಅನುಮಾನ ಬೇಡ. ಆದರೆ ದಾನ ಎಂಬ ಒಳ್ಳೆಯ ಮಾತನ್ನು ಮುಂದಿಟ್ಟುಕೊಂಡು ನಾವು ಏನೇನು ಮಾಡುತ್ತಿದ್ದೇವೆ ಗೊತ್ತೇ? ಅದನ್ನು ಹೇಳದೆ ಆ ತರುಣನಿಗೆ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಇವತ್ತು ಈ ದೃಷ್ಟಾಂತ.

ಒಬ್ಬ ಶ್ರೀಮಂತನಿದ್ದ. ಊರು ಯಾವುದೆಂದು ಹುಡುಕಬೇಡಿ, ನಿಮ್ಮ ಊರಲ್ಲ. ಅವನ ಹೆಸರನ್ನೂ ನಾನು ಹೇಳುವುದಿಲ್ಲ. ಊರೆಲ್ಲ ಅವನನ್ನು ಸಾವ್ಕಾರ ಎಂದು ಕರೆಯುತ್ತಿತ್ತು, ನಾವೂ ಹಾಗೇ ಕರೆಯೋಣ. ಶೇಂಗಾ ಎಣ್ಣೆಯ ಗಿರಣಿ ಇತ್ತು. ಹತ್ತಾರು ಬಸ್ಸು ಓಡುತ್ತಿದ್ದವು. ಒಂದು ನರ್ಸಿಂಗ್ ಕಾಲೇಜನ್ನೂ ಕಟ್ಟಿಸಿದ್ದ. ಇಬ್ಬರು ಗಂಡುಮಕ್ಕಳು, ಒಬ್ಬ ತಮ್ಮ, ತುಂಬಿದ ಮನೆ.

ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಕಸ ಹೊಡೆದು, ಭಾಂಡೆ ತಿಕ್ಕಿ, ಬಟ್ಟೆ ಒಗೆಯುವ ಒಬ್ಬ ಹೆಣ್ಣುಮಗಳಿದ್ದಳು. ಅವಳ ಹೆಸರು ಹೇಳುತ್ತೇನೆ, ಯಾಕೆಂದರೆ ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಫಕೀರವ್ವ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಹುಲಿಗೆಮ್ಮ. ಓದಿನಲ್ಲಿ ಚುರುಕು. ಸಾವ್ಕಾರನ ನರ್ಸಿಂಗ್ ಕಾಲೇಜಿನಲ್ಲೇ ಅವಳಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಬಿಳಿ ಸಮವಸ್ತ್ರ ತೊಟ್ಟ ಮಗಳನ್ನು ಮೊದಲ ಸಲ ನೋಡಿದ ದಿನ ಫಕೀರವ್ವ ಅವಳ ಕೈಯನ್ನು ಹಿಡಿದುಕೊಂಡು ನಿಂತಿದ್ದಳಂತೆ.

ಹೀಗಿರುವಾಗ ಸಾವ್ಕಾರನಿಗೆ ಕಾಯಿಲೆ ಬಂತು. ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ಸಲ ದೊಡ್ಡ ಪಟ್ಟಣದ ಆಸ್ಪತ್ರೆಗೆ ಹೋಗಿ, ಮೆಷಿನ್ನಿನ ಪಕ್ಕ ನಾಲ್ಕು ತಾಸು ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ನೋಡಿ, ಅವನ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. ಬಾಯಾರಿಕೆಯಾದರೂ ನೀರನ್ನು ಅಳೆದು ಕುಡಿಯಬೇಕಾದ ಮನುಷ್ಯ ಅವನು. ಡಾಕ್ಟರು ಹೇಳಿದರು, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಇನ್ನೂ ಬಹಳ ವರ್ಷ ಬದುಕಬಹುದು ಎಂದು.

ಹೆಂಡತಿ ಮುಂದೆ ಬಂದಳು. ಆಕೆಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು. ಉಳಿದವರು? ಹಿರಿಯ ಮಗ, "ನಾ ಮಲಗಿದ್ರ ಗಿರಣಿ ಯಾರು ನೋಡ್ತಾರ?" ಅಂದ. ಕಿರಿಯವನಿಗೆ ಹೆಣ್ಣು ನೋಡುತ್ತಿದ್ದರು. "ಹೊಟ್ಟಿ ಕೊಯ್ಸಿಕೊಂಡ ಹುಡುಗಗ ಯಾರು ಕನ್ಯಾ ಕೊಡ್ತಾರ?" ಅಂದ. ತಮ್ಮ, "ನನಗ ಬಿ.ಪಿ. ಐತಲ್ಲ ಅಣ್ಣಾ" ಅಂದ. ಬಿ.ಪಿ. ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಆ ಮೂವರ ಒಂದು ಹನಿ ರಕ್ತವೂ ಪರೀಕ್ಷೆಗೆ ಹೋಗಲಿಲ್ಲ. ಅಪ್ಪಾ ಎಂದು ಕರೆದವರು, ಅಣ್ಣಾ ಎಂದು ಕರೆದವರು, ಅವನು ದುಡಿದದ್ದರಲ್ಲಿ ಪಾಲು ಕೇಳುವವರು.

ಹಾಗಾದರೆ ಯಾರ ರಕ್ತ ಹೋಯಿತು? ಒಂದು ದಿನ ಮುಂಜಾನೆ ಲ್ಯಾಬಿನಿಂದ ಒಬ್ಬ ಮನೆಗೆ ಬಂದ. ಮನೆಯಲ್ಲಿ ಕೆಲಸಕ್ಕಿದ್ದವರನ್ನೆಲ್ಲ ಸಾವ್ಕಾರನ ತಮ್ಮ ಹಿತ್ತಲಿಗೆ ಕರೆಸಿದ. ಡ್ರೈವರ್ ಬಂದ, ಮಾಲಿ ಬಂದ, ಫಕೀರವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ನಿಮ್ಮೆಲ್ಲಾರ ಆರೋಗ್ಯ ತಪಾಸಣೆ ಮಾಡಸಾಕತ್ತೀವಿ" ಎಂದರು. ಅವಳಿಗೆ ಸಂತೋಷವಾಯಿತು. ತನ್ನ ಆರೋಗ್ಯವನ್ನು ಯಾರಾದರೂ ವಿಚಾರಿಸಿದ್ದು ಅದೇ ಮೊದಲು. ತೋಳು ಚಾಚಿ ಕುಳಿತಳು.

ಅವಳ ರಕ್ತ ಹೊಂದಿತು.

ಎರಡು ದಿನ ಬಿಟ್ಟು ಸಾವ್ಕಾರನ ತಮ್ಮ ಅವಳನ್ನು ಕರೆದು ಒಂದು ಕುರ್ಚಿ ತೋರಿಸಿದ. ಹನ್ನೊಂದು ವರ್ಷ ಅವಳು ಒರೆಸಿದ ಕುರ್ಚಿ ಅದು. ಅವಳು ಪಕ್ಕದಲ್ಲಿ ನಿಂತೇ ಇದ್ದಳು.

"ಕೂಡವಾ. ನಿನ್ನಿಂದ ಒಂದು ದೊಡ್ಡ ಪುಣ್ಯದ ಕೆಲಸ ಆಗೂದೈತಿ. ಅಣ್ಣಗ ನಿಂದೊಂದು ಕಿಡ್ನಿ ಕೊಡಬೇಕು."

ಫಕೀರವ್ವನಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಅವಳ ಕೈ ತಾನಾಗಿಯೇ ಸೊಂಟದ ಹತ್ತಿರ ಹೋಯಿತು.

"ಮನಿ ಮಂದಿ ಯಾರೂ ಆಗಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಆಗಿದ್ರ ನಿನಗ ಯಾಕ ಕೇಳ್ತಿದ್ವಿ?" ಅಂದ. ಆಮೇಲೆ ಕಿಟಕಿಯ ಕಡೆ ನೋಡುತ್ತ, "ನಿನ್ನ ಮಗಳು ನಮ್ಮ ಕಾಲೇಜಿನಾಗ ಛಲೋ ಓದಾಕತ್ತಾಳಂತಲ್ಲ. ಓದಲಿ. ನಾವು ಅದೀವಿ" ಅಂದ.

ಇಷ್ಟೇ ಮಾತು. ಬೆದರಿಕೆ ಎಲ್ಲಿದೆ? ಯಾವ ಪೊಲೀಸರು ಈ ಮಾತನ್ನು ಹಿಡಿಯುತ್ತಾರೆ? ಓದಲಿ ಎಂದ, ನಾವು ಅದೀವಿ ಎಂದ. ಆದರೆ ಫಕೀರವ್ವನಿಗೆ ಕೇಳಿಸಬೇಕಾದದ್ದು ಕೇಳಿಸಿತು. ಅವಳು ಹೂಂ ಅಂದಳು.

ಆ ಭಾನುವಾರ ಅವಳು ಹಾಸ್ಟೆಲ್ಲಿಗೆ ಹೋದಳು. ಮಗಳಿಗೆ ಏನೂ ಹೇಳಲಿಲ್ಲ. ತಂದ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟು, ಬೇವಿನ ಗಿಡದ ಕೆಳಗೆ ಕುಳಿತು, ಸುಮ್ಮನೆ ಮಾತಿಗೆ ಕೇಳಿದಂತೆ ಕೇಳಿದಳು.

"ಮನಷ್ಯಾಗ ಕಿಡ್ನಿ ಎಷ್ಟಿರ್ತಾವ?"

"ಎರಡು."

"ಒಂದು ತಗದ್ರ?"

"ಒಂದರ ಮ್ಯಾಲೂ ಬದುಕ್ತಾರ. ಆದ್ರ ಕೆಲವು ತಿಂಗಳು ಭಾರ ಎತ್ತಬಾರದು, ಹುಷಾರಿಲೆ ಇರಬೇಕು. ಯಾಕಬೇ?"

"ಯಾಕಿಲ್ಲ. ನೀ ಓದೂದು ನಾನೂ ತಿಳ್ಕೋಬೇಕಲ್ಲ."

ಮಗಳು ನಕ್ಕಳು. ಫಕೀರವ್ವ ಬಸ್ಸಿನಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದಳಂತೆ, ಭಾರ ಎತ್ತದೆ ಇರುವ ಕೆಲಸ ತನಗೆ ಯಾವುದಿದೆ ಎಂದು. ನೀರಿನ ಕೊಡ, ಒದ್ದೆ ಬಟ್ಟೆಯ ಬುಟ್ಟಿ, ಅಡುಗೆಯ ದೊಡ್ಡ ಪಾತ್ರೆಗಳು. ಭಾರವಿಲ್ಲದ್ದು ಒಂದೂ ನೆನಪಾಗಲಿಲ್ಲ.

ಇನ್ನು ಕಾನೂನು. ನಮ್ಮ ದೇಶದಲ್ಲಿ ಕಿಡ್ನಿ ಮಾರುವ ಹಾಗಿಲ್ಲ. ಸಂಬಂಧಿಕರಲ್ಲದವರು ಕೊಡುವುದಾದರೆ ಪ್ರೀತಿ ವಿಶ್ವಾಸದಿಂದ ಮಾತ್ರ ಕೊಡಬೇಕು. ಅದು ನಿಜವೇ ಎಂದು ನೋಡಲು ಒಂದು ಸಮಿತಿ ಇರುತ್ತದೆ. ಕೊಡುವವರನ್ನೂ ಪಡೆಯುವವರನ್ನೂ ಕೂರಿಸಿ ವಿಚಾರಿಸುತ್ತಾರೆ. ಹಾಗಾಗಿ ಸಾವ್ಕಾರನ ತಮ್ಮ ಅವಳಿಗೆ ಪಾಠ ಹೇಳಿಕೊಡಲು ಕುಳಿತ.

"ಯಾಕ ಕೊಡಾಕತ್ತಿ ಅಂತ ಕೇಳ್ತಾರ. ಏನಂತಿ?"

"ನೀವು ಹೇಳೀರಿ, ಅದಕ್ಕ ಅಂತೇನ್ರಿ."

"ಹಂಗನ್ನಬಾರದು. ಪ್ರೀತಿಯಿಂದ ಕೊಡ್ತೇನಿ ಅನ್ನು."

"ಯಾರ ಮ್ಯಾಲಿನ ಪ್ರೀತಿರಿ?"

ಅವನಿಗೆ ಸಿಟ್ಟು ಬಂತು, ಆದರೂ ತಡೆದುಕೊಂಡ. ತನಗೆ ಬೇಕಾದದ್ದು ಇನ್ನೂ ಅವಳ ಹೊಟ್ಟೆಯೊಳಗಿತ್ತಲ್ಲ. "ಅಣ್ಣನ ಮ್ಯಾಲ. ಸಾವ್ಕಾರ್ರು ನನಗ ಒಡಹುಟ್ಟಿದ ಅಣ್ಣ ಇದ್ದಂಗ ಅದಾರ, ಅವರ ಮನಿ ನನ್ನ ತವರುಮನಿ, ಹಿಂಗ ಹೇಳು."

ಅವಳು ಹೇಳಿದಳು. ಮತ್ತೊಮ್ಮೆ ಹೇಳು ಅಂದ, ಮತ್ತೊಮ್ಮೆ ಹೇಳಿದಳು. ನಾಲ್ಕು ದಿನ ಭಾಂಡೆ ತಿಕ್ಕುತ್ತ ಅದನ್ನೇ ಒಪ್ಪಿಸಿದಳು. ಅವಳ ತವರಿನ ತಮ್ಮನನ್ನು ಕರೆಸಿ, ಒಪ್ಪಿಗೆ ಇದೆ ಎಂದು ಅವನಿಂದಲೂ ಸಹಿ ಹಾಕಿಸಿಕೊಂಡರು.

ಸಮಿತಿಯ ದಿನ ಬಂತು. ಸಾವ್ಕಾರನ ಕಾರಿನಲ್ಲೇ ಕರೆದುಕೊಂಡು ಹೋದರು. ಆಸ್ಪತ್ರೆಯ ಒಂದು ಕೋಣೆ, ಉದ್ದನೆಯ ಮೇಜು, ಎದುರಿಗೆ ಐದು ಜನ. ಒಂದು ಮೂಲೆಯಲ್ಲಿ ಕ್ಯಾಮೆರಾ. ಫಕೀರವ್ವನನ್ನು ಒಬ್ಬಳನ್ನೇ ಒಳಗೆ ಕರೆದರು. ಕೇಳಿದ್ದಕ್ಕೆಲ್ಲ ಅವಳು ಕಲಿತದ್ದನ್ನು ತಪ್ಪಿಲ್ಲದೆ ಹೇಳಿದಳು. ಒಡಹುಟ್ಟಿದ ಅಣ್ಣ ಇದ್ದಂಗ. ಅವರ ಮನಿ ನನ್ನ ತವರುಮನಿ. ಯಾರೂ ಒತ್ತಾಯ ಮಾಡಿಲ್ಲ. ಪ್ರೀತಿಯಿಂದ ಕೊಡ್ತೇನಿ.

ಕಾಗದಗಳಿಗೆ ಇನ್ನೇನು ಸಹಿ ಬೀಳಬೇಕು. ಅಷ್ಟರಲ್ಲಿ ಕೊನೆಯಲ್ಲಿ ಕುಳಿತಿದ್ದ ವಯಸ್ಸಾದ ಡಾಕ್ಟರಮ್ಮ ಅವಳ ಒಣಗಿದ ತುಟಿ ನೋಡಿ, "ಮುಂಜಾನೆ ಏನರ ತಗೊಂಡೀರೇನವಾ?" ಎಂದು ಕೇಳಿದರು. ಅದು ವಿಚಾರಣೆಯಲ್ಲ. ಸುಮ್ಮನೆ ಅಂತಃಕರಣದಿಂದ ಕೇಳಿದ್ದು.

"ಹೂಂರಿ, ಚಾ ಕುಡಿದೇನ್ರಿ. ಅವರ ಮನ್ಯಾಗ."

"ಎಲ್ಲಾರೂ ಕೂಡಿ ಕುಡಿದು ಬಂದ್ರೇನು?"

"ಇಲ್ರಿ, ನಾ ಹಿತ್ತಲದಾಗ ಕುಡೀತೇನ್ರಿ. ನನ್ನ ಲೋಟ ಅಲ್ಲೇ ಇರ್ತೈತ್ರಿ, ಕಿಡಕ್ಯಾಗ."

"ನಿಮ್ಮ ಲೋಟ ಬ್ಯಾರೆ ಐತೇನು?"

"ಹೂಂರಿ. ನಮ್ಮಂತಾರದು ಬ್ಯಾರೇನ ಇರ್ತೈತಲ್ರಿ."

ಅವಳು ದೂರು ಹೇಳಲಿಲ್ಲ, ನೆನಪಿಡಿ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಹೇಳುವಂತೆ ಹೇಳಿದಳು. ಹೇಳಿದ ಮೇಲೆ ಸಹಿಗೆಂದು ಎತ್ತಿದ ಪೆನ್ನನ್ನು ಅವರು ಕೆಳಗಿಟ್ಟದ್ದು ನೋಡಿ ಅವಳಿಗೆ ಹೆದರಿಕೆಯಾಯಿತು. ಏನು ತಪ್ಪಾಯಿತೆಂದು ತಿಳಿಯಲಿಲ್ಲ. ಕಲಿಸಿಕೊಟ್ಟ ಮಾತುಗಳಲ್ಲಿ ಚಹಾದ ವಿಷಯ ಇರಲಿಲ್ಲ.

ನೀವೇ ಹೇಳಿ. ಅವಳ ತುಟಿ ತಾಗಿದ ಲೋಟ ಅಡುಗೆಮನೆಯ ಹೊಸ್ತಿಲು ದಾಟಬಾರದು. ಅವಳ ಕಿಡ್ನಿ ಮಾತ್ರ ಸಾವ್ಕಾರನ ಹೊಟ್ಟೆಯೊಳಗೆ ಹೋಗಿ ಕುಳಿತು, ಅವನ ರಕ್ತವನ್ನು ಹಗಲಿರುಳು ತೊಳೆಯಬೇಕು. ಲೋಟಕ್ಕೆ ಅಂಟಿಕೊಳ್ಳುವ ಮೈಲಿಗೆ ಮಾಂಸಕ್ಕೆ ಯಾಕೆ ಅಂಟಿಕೊಳ್ಳುವುದಿಲ್ಲ? ಉತ್ತರ ನನಗೆ ಗೊತ್ತು, ನಿಮಗೂ ಗೊತ್ತು. ನಮ್ಮ ಜೀವಕ್ಕೆ ಕುತ್ತು ಬಂದಾಗ ಮೈಲಿಗೆ ಇಲ್ಲ. ಅವರಿಗೆ ಬಾಯಾರಿಕೆ ಆದಾಗ ಮಾತ್ರ ಇದೆ. ಇದನ್ನು ಆಚಾರ ಎನ್ನುತ್ತೀರಾ? ನಾನು ನಾಚಿಕೆಗೇಡು ಎನ್ನುತ್ತೇನೆ.

ಆಮೇಲೆ ಅವಳನ್ನು ಅಲ್ಲೇ ಕೂರಿಸಿಕೊಂಡು ಸಾವ್ಕಾರನನ್ನು ಒಳಗೆ ಕರೆದರು. ಡಾಕ್ಟರಮ್ಮ ಕೇಳಿದರು, "ನಿಮಗ ಕಿಡ್ನಿ ಕೊಡೋ ಈ ತಂಗಿ ಹೆಸರೇನ್ರಿ?"

ಸಾವ್ಕಾರ ತಮ್ಮನಿಗಾಗಿ ಬಾಗಿಲ ಕಡೆ ನೋಡಿದ. ತಮ್ಮ ಹೊರಗಿದ್ದ. "ನಾವು ಕೆಲಸದ ಬಾಯಿ ಅಂತ ಕರೀತೀವ್ರಿ" ಅಂದ.

"ಈಕೀ ಮಗಳು ನಿಮ್ಮ ಕಾಲೇಜಿನಾಗ ಓದ್ತಾಳಂತ ಕಾಗದದಾಗ ಐತಿ. ಆಕೀ ಹೆಸರು?"

ಅವನು ಮತ್ತೆ ಬಾಗಿಲ ಕಡೆ ನೋಡಿದ. ಅಷ್ಟು ದಿನ ಆ ಹುಡುಗಿಯ ಓದನ್ನೇ ಹಗ್ಗ ಮಾಡಿ ತಾಯಿಯನ್ನು ಎಳೆದು ತಂದಿದ್ದರು. ಹೆಸರು ಗೊತ್ತಿರಲಿಲ್ಲ.

ಅನುಮತಿ ಸಿಗಲಿಲ್ಲ.

ಫಕೀರವ್ವ ಹೊರಗೆ ಬಂದು ಕಾರು ನಿಂತಿದ್ದ ಜಾಗಕ್ಕೆ ಹೋದಳು. ಕಾರು ಇರಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಪಟ್ಟಣದ ದಾರಿ ಗೊತ್ತಿಲ್ಲದವಳು ನಾಲ್ಕು ಜನರನ್ನು ಕೇಳಿ, ಬಸ್ ನಿಲ್ದಾಣ ಹುಡುಕಿ, ಸಂಜೆಗೆ ಊರು ಸೇರಿದಳು. ಮರುದಿನ ಕೆಲಸಕ್ಕೆ ಹೋದರೆ ಗೇಟಿನಲ್ಲೇ, "ಇನ್ನ ಮ್ಯಾಲ ಬರಬ್ಯಾಡಂತ ಹೇಳ್ಯಾರ" ಅಂದರು. ವಾರ ಕಳೆಯುವುದರೊಳಗೆ ಹುಲಿಗೆಮ್ಮ ಟ್ರಂಕು ಹೊತ್ತುಕೊಂಡು ಮನೆಗೆ ಬಂದಳು. ಹಾಜರಾತಿ ಕಡಿಮೆ ಇದೆಯೆಂದು ಹೆಸರು ತೆಗೆದಿದ್ದರು. ಒಂದು ದಿನವೂ ತರಗತಿ ತಪ್ಪಿಸದ ಹುಡುಗಿ.

ಆಗ ತಾಯಿ ಎಲ್ಲವನ್ನೂ ಹೇಳಿದಳು.

"ನನ್ನ ಸಲುವಾಗಿ ಹೊಟ್ಟಿ ಕೊಯ್ಸಿಕೊಳ್ಳಾಕ ಹೊಂಟಿದ್ದೇನಬೇ? ನನಗೊಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಮತ್ತ?"

"ಬ್ಯಾಡ ಅನ್ನಾಕ ನಮಗ ಎಲ್ಲಿ ಬರ್ತೈತವಾ?"

ಈ ಮಾತನ್ನು ಸ್ವಲ್ಪ ತಲೆಯಲ್ಲಿಟ್ಟುಕೊಳ್ಳಿ.

ಇನ್ನು ಸಾವ್ಕಾರನ ಕಥೆ. ಅನುಮತಿ ಸಿಗದೆ ಬೇರೆ ದಾರಿಯೇ ಇಲ್ಲವಾದಾಗ, ಅವನ ಹೆಂಡತಿ ತನ್ನ ಮಕ್ಕಳ ಮುಂದೆ ಕುಳಿತು ಊಟ ಬಿಟ್ಟಳು. ಆಗ ಹಿರಿಯ ಮಗ ರಕ್ತ ಪರೀಕ್ಷೆ ಮಾಡಿಸಿಕೊಂಡ. ಹೊಂದಿತು. ಕೊಟ್ಟ. ಅಪ್ಪ ಉಳಿದ, ಮಗನೂ ಆರೋಗ್ಯವಾಗಿದ್ದಾನೆ, ಗಿರಣಿಯೂ ನಡೆಯುತ್ತಿದೆ. ಅಂದರೆ ಏನಾಯಿತು? ಮೊದಲ ದಿನದಿಂದಲೂ ಕಿಡ್ನಿ ಆ ಮನೆಯಲ್ಲೇ ಇತ್ತು. ಇದ್ದದ್ದನ್ನು ಮುಟ್ಟದೆ, ಹಿತ್ತಲಲ್ಲಿ ಭಾಂಡೆ ತಿಕ್ಕುವವಳ ಹೊಟ್ಟೆಗೆ ಕೈ ಹಾಕಿದ್ದರು.

ಮಗ ಕೊಟ್ಟದ್ದು ದಾನವೇ. ಅದನ್ನು ನಾನು ಕಡಿಮೆ ಮಾಡುವುದಿಲ್ಲ.

ಗುಣವಾದ ಮೇಲೆ ಸಾವ್ಕಾರನಿಗೆ ಊರಿನಲ್ಲಿ ಸನ್ಮಾನ ಇಟ್ಟುಕೊಂಡರು. ಅವನು ಕಟ್ಟಿಸಿಕೊಟ್ಟ ಸಭಾಭವನದಲ್ಲೇ ಕಾರ್ಯಕ್ರಮ. ಆಶೀರ್ವಚನಕ್ಕೆ ಒಬ್ಬ ಸ್ವಾಮಿಯನ್ನು ಕರೆಸಿದ್ದರು. ಇಲ್ಲಿಯ ತನಕ ಬೇರೆಯವರ ಕಥೆ ಹೇಳಿದೆ. ಇನ್ನು ಹೇಳುವುದು ನನಗೆ ಕಷ್ಟ. ಆ ಸ್ವಾಮಿ ನಾನೇ.

ಸನ್ಮಾನಕ್ಕೆ ಮೂರು ದಿನ ಮೊದಲು ಫಕೀರವ್ವ ನಾನು ಇಳಿದುಕೊಂಡಿದ್ದ ಕಡೆ ಬಂದಿದ್ದಳು. ನಿಮಗೆ ಈಗ ಹೇಳಿದ್ದನ್ನೆಲ್ಲ ಆಗ ಅವಳು ನನಗೆ ಹೇಳಿದಳು. ಕೊನೆಗೆ ಕೈ ಮುಗಿದು, "ಅಜ್ಜಾರ, ನನಗ ಕೆಲಸ ಬ್ಯಾಡ್ರಿ. ಹುಡುಗೀನ ಕಾಲೇಜಿಗೆ ತಗೋರಿ ಅಂತ ಸಾವ್ಕಾರ್ರಿಗೆ ಒಂದು ಮಾತು ಹೇಳ್ರಿ. ನಿಮ್ಮ ಮಾತು ಅವರು ತಗದ ಹಾಕಂಗಿಲ್ಲ" ಅಂದಳು. ಆಗಲಿ ತಾಯಿ, ಹೇಳುತ್ತೇನೆ ಎಂದೆ.

ವೇದಿಕೆಯ ಮೇಲೆ ಅರ್ಧ ತಾಸು ಮಾತನಾಡಿದೆ. ಸಾವ್ಕಾರನನ್ನು ಪುಣ್ಯಜೀವಿ ಎಂದೆ. ಅವನ ಮನೆಯನ್ನು ಆದರ್ಶ ಕುಟುಂಬ ಎಂದೆ. ಜನ ಚಪ್ಪಾಳೆ ತಟ್ಟಿದರು. ಅವಳ ಮಾತು ನೆನಪಿರಲಿಲ್ಲವೇ? ಇತ್ತು. ಮೂರು ಸಲ ನಾಲಿಗೆಯ ತುದಿಗೆ ಬಂತು. ಇಷ್ಟು ದೊಡ್ಡ ಭವನ, ಇಷ್ಟು ಜನ, ಅವರ ಮನಸ್ಸಿಗೆ ಬೇಸರವಾದೀತು ಎಂದು ನುಂಗಿಕೊಂಡೆ.

ಇಳಿದು ಬರುವಾಗ ಮೆಟ್ಟಿಲ ಹತ್ತಿರ ಅವಳು ನಿಂತಿದ್ದಳು. ಪಕ್ಕದಲ್ಲಿ ಮಗಳು. "ಮರೆತ್ರೇನ್ರಿ ಅಜ್ಜಾರ?" ಎಂದು ಕೇಳಿದಳು.

"ಸಂದರ್ಭ ಸಿಗಲಿಲ್ಲ ತಾಯಿ" ಎಂದೆ.

ಮಗಳು ನನ್ನ ಮುಖ ನೋಡಿ ಹೇಳಿದಳು, "ಮೈಕು ನಿಮ್ಮ ಕೈಯಾಗ ಇತ್ತಲ್ರಿ."

ಅಷ್ಟೇ ಹೇಳಿ ತಾಯಿಯ ಕೈ ಹಿಡಿದುಕೊಂಡು ಹೊರಟುಹೋದಳು.

ಮರುದಿನ ನಾನು ಸಾವ್ಕಾರನ ಮನೆಗೆ ಹೋದೆ. ಕಾಲೇಜಿನ ವ್ಯವಹಾರ ತಮ್ಮ ನೋಡುತ್ತಾನೆ ಅಂದ. ತಮ್ಮ, ಸೀಟು ತುಂಬಿಹೋಗಿದೆ ಅಂದ. ಹೇಳಬೇಕಾದಾಗ ನುಂಗಿದ ಮಾತಿಗೆ ಮರುದಿನ ಯಾವ ಬೆಲೆಯೂ ಇರಲಿಲ್ಲ. ಹುಲಿಗೆಮ್ಮ ಒಂದು ವರ್ಷ ಕಳೆದುಕೊಂಡಳು. ಮುಂದಿನ ವರ್ಷ ತನ್ನ ಅಂಕಗಳ ಮೇಲೇ ಸರ್ಕಾರಿ ನರ್ಸಿಂಗ್ ಶಾಲೆ ಸೇರಿದಳು. ಫಕೀರವ್ವ ಈಗ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅವರ ಬದುಕು ತನ್ನ ಕಾಲ ಮೇಲೆ ನಿಂತಿತು. ಸಾವ್ಕಾರನಿಂದಲ್ಲ, ನನ್ನಿಂದಂತೂ ಅಲ್ಲವೇ ಅಲ್ಲ.

ಈಗ ಹೇಳಿ, ಈ ಕಥೆಯಲ್ಲಿ ಸಾವ್ಕಾರ ಯಾರು? ನಮಗೆ ಗಿರಣಿ ಇಲ್ಲ, ಬಸ್ಸಿಲ್ಲ ಎಂದು ಹಾಯಾಗಿ ಕುಳಿತಿದ್ದೀರಲ್ಲ, ನಿಮ್ಮನ್ನೇ ಕೇಳುತ್ತಿದ್ದೇನೆ. ಕಿಡ್ನಿ ಕೇಳಿಲ್ಲ, ಸರಿ. ಹಬ್ಬದ ದಿನವೂ ಬಾ ಎಂದು ಕೇಳಿಲ್ಲವೇ? ಜ್ವರ ಬಂದವಳಿಗೆ, ಇವತ್ತೊಂದು ದಿನ ಬಂದು ಹೋಗು, ಮನೆಗೆ ಬೀಗರು ಬರುತ್ತಾರೆ ಎಂದಿಲ್ಲವೇ? ಅಂಗಡಿಯಲ್ಲಿ ಮುಂಜಾನೆಯಿಂದ ನಿಂತೇ ಇರುವ ಹುಡುಗಿಗೆ ಕೂರಲು ಒಂದು ಸ್ಟೂಲು ಹಾಕಿದ್ದೀರಾ? ಮಾಸ್ಕು ಕೈಗವಸು ಕೊಡದೆ ಗಟಾರಕ್ಕೆ ಇಳಿಸಿ, ಮೇಲೆ ನಿಂತು ಮೂಗು ಮುಚ್ಚಿಕೊಂಡಿಲ್ಲವೇ? ಅವರಾಗಿಯೇ ಒಪ್ಪಿ ಮಾಡಿದರು ಎನ್ನುತ್ತೀರಿ. ಒಪ್ಪದೆ ಏನು ಮಾಡಬೇಕಿತ್ತು? ಬ್ಯಾಡ ಅನ್ನಲು ಬಾರದವರ ಹತ್ತಿರ ಹೋಗಿ ಕೇಳುವುದು ಕೇಳುವುದಲ್ಲ, ಕಸಿದುಕೊಳ್ಳುವುದು. ಪ್ರೀತಿಯಿಂದ ಕೊಟ್ಟರು ಎಂದು ಅವರ ಬಾಯಿಂದಲೇ ಹೇಳಿಸುವುದು ಅದಕ್ಕಿಂತ ಹೀನ ಕೆಲಸ.

ನಾಳೆಯಿಂದ ಏನು ಮಾಡಬೇಕು? ದೊಡ್ಡದೇನಲ್ಲ. ನಿಮ್ಮ ಕೈಕೆಳಗಿನವರಿಂದ ಏನನ್ನಾದರೂ ಕೇಳುವ ಮೊದಲು, ಇವರು ಇಲ್ಲ ಎಂದರೆ ನಾನು ಏನು ಮಾಡುತ್ತೇನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಏನೂ ಮಾಡುವುದಿಲ್ಲ ಎಂಬ ಉತ್ತರ ಒಳಗಿನಿಂದ ಬಂದರೆ ಮಾತ್ರ ಕೇಳಿ. ಇಲ್ಲ ಎಂದ ಮರುದಿನವೂ ಅವರ ಕೆಲಸ ಉಳಿಯಬೇಕು, ಅವರ ಮಕ್ಕಳ ಓದು ಉಳಿಯಬೇಕು, ನಿಮ್ಮ ಮುಖದ ನಗುವೂ ಉಳಿಯಬೇಕು. ಕಷ್ಟ ಬಂದಾಗ ಮೊದಲು ನಿಮ್ಮ ಮನೆಯೊಳಗೆ ನೋಡಿ, ನಿಮ್ಮ ಮೈಯನ್ನು ನೋಡಿಕೊಳ್ಳಿ. ಎಲ್ಲಿಯಾದರೂ ನಾಲ್ಕು ಜನ ನಿಮ್ಮ ಮಾತು ಕೇಳುತ್ತಾರೆಂದರೆ, ಅದು ಪಂಚಾಯಿತಿಯಿರಲಿ, ಸಂಘವಿರಲಿ, ಮದುವೆ ಮನೆಯಿರಲಿ, ನುಂಗಿಕೊಳ್ಳಬೇಡಿ. ನಾನು ನುಂಗಿಕೊಂಡವನು, ಅದು ಇನ್ನೂ ಅರಗಿಲ್ಲ.

ಅದೆಲ್ಲ ನಾಳೆಯಿಂದ. ಇವತ್ತು ಒಂದು ಕೆಲಸವಿದೆ. ಈ ಮಂಟಪದ ಹಿಂದೆ ಹನ್ನೆರಡು ಜನ ಹೆಣ್ಣುಮಕ್ಕಳು ಮುಂಜಾನೆ ಐದರಿಂದ ನಿಮ್ಮೆಲ್ಲರಿಗೆ ಪ್ರಸಾದ ಬೇಯಿಸುತ್ತಿದ್ದಾರೆ. ಹದಿನೆಂಟು ದಿನದಿಂದ ಪ್ರವಚನ ನಡೆದಿದೆ, ಅವರಲ್ಲಿ ಒಬ್ಬರೂ ಇಲ್ಲಿ ಬಂದು ಕುಳಿತಿಲ್ಲ. ಕೂಡಿರಿ ಎಂದು ನಾವೂ ಹೇಳಿಲ್ಲ. ಇವತ್ತು ಮೊದಲ ಪಂಕ್ತಿಯಲ್ಲಿ ಅವರು ಕೂಡಲಿ. ಮುಂದಿನ ಸಾಲಿನ ಹಿರಿಯರೇ, ಶಾಲು ಮಡಚಿ ಪಕ್ಕಕ್ಕಿಡಿ. ಸಾರಿನ ಬಕೀಟು ನಾನು ಹಿಡಿಯುತ್ತೇನೆ. ನೀವು ಅನ್ನ ತೆಗೆದುಕೊಂಡು ಬನ್ನಿ.